ಮೊಳೆಯದ ಬೀಜ ಸತ್ತ ಬೀಜವಲ್ಲ

ತೋಟದ ಬದುಗಳಲ್ಲಿ ಗಿಡಮೂಲಿಕೆ ಬೆಳೆಯಲು ಹೊರಟ ಸದಸ್ಯರ ದೂರು ಸಾಮಾನ್ಯವಾಗಿ ಒಂದೇ: ‘ಬೀಜ ಹುಟ್ಟಲಿಲ್ಲ.’ ಎರಡು ವಾರ ನೀರು ಹಾಕಿ ಮಡಿ ಅಗೆದುಬಿಡುವುದು, ಬೇರು ಬೇಕೆಂದಾಗ ಮತ್ತೆ ಗುಡ್ಡಕ್ಕೆ ಗುದ್ದಲಿ ಒಯ್ಯುವುದು ನಡೆದೇ ಇದೆ. ಬೀಜ ಉದುರುವ ಮುನ್ನ ಬೇರು ಸಹಿತ ಕಿತ್ತ ಗಿಡಕ್ಕೆ ಮರುವರ್ಷ ಸಂತಾನವಿಲ್ಲ.

ಇದಕ್ಕೆ ಕಾಫಿ, ಅಡಿಕೆಯ ರೂಢಿ ಕಾರಣ. ಅವುಗಳ ಬೀಜ ಪೂರ್ತಿ ಒಣಗಿದರೆ ಸಾಯುತ್ತದೆ. ಹಸಿ ಇರುವಾಗಲೇ ಬಿತ್ತಬೇಕು. ಕಾಡುಗಿಡಗಳ ರೀತಿ ಬೇರೆ. ಯಮಕನಮರಡಿ ಸುತ್ತಿನ ಒಣ ಗುಡ್ಡಗಳಲ್ಲಿ ಮೇ ತಿಂಗಳ ಅಡ್ಡಮಳೆಗೇ ಎಲ್ಲ ಬೀಜವೂ ಮೊಳೆತರೆ, ನಂತರದ ಬಿಸಿಲಿಗೆ ವಂಶವೇ ಹೋದೀತು. ಆದ್ದರಿಂದ ಹಲವು ಬೀಜಗಳು ಕಾಲ ಕಾಯುತ್ತ ಮಲಗಿರುತ್ತವೆ. ಇದೇ ಸುಪ್ತಾವಸ್ಥೆ. ಎಬ್ಬಿಸುವ ಬಗೆ ಒಂದೊಂದಕ್ಕೆ ಒಂದೊಂದು.

ಗುಲಗಂಜಿಯ ಸಿಪ್ಪೆ ನೀರನ್ನು ಒಳಗೆ ಬಿಡದು. ಮರಳು ಕಾಗದದಿಂದ ಒಂದು ಬದಿ ಉಜ್ಜಿ, ರಾತ್ರಿ ನೀರಲ್ಲಿ ನೆನೆಸಿ ಬಿತ್ತಬೇಕು. ಸಿಪ್ಪೆ ಒಡೆದ ಗುಲಗಂಜಿ ಕಡುವಿಷ. ಪುಡಿ ಬಾಯಿಗೆ ಹೋಗದಂತೆ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು.

ನೆಲಬೇವಿನ ಹೊಸ ಬೀಜ ಕೂಡಲೇ ಮೊಳೆಯದು. ಐದಾರು ತಿಂಗಳು ಒಣ ಜಾಗದಲ್ಲಿಟ್ಟು ಮುಂಗಾರಿಗೆ ಬಿತ್ತುವುದು ಲೇಸು. ತುಳಸಿಯಂಥ ಸಣ್ಣ ಬೀಜವನ್ನು ಆಳಕ್ಕೆ ಹಾಕದೆ, ಮೇಲೆ ತೆಳುವಾಗಿ ಮರಳು ಉದುರಿಸಿದರೆ ಸಾಕು.

ತೋಟದ ಅರೆನೆರಳಿಗೆ ಒಗ್ಗುವ ಸರ್ಪಗಂಧಿಯಲ್ಲಿ ಜೊಳ್ಳೇ ಬಹಳ. ಉಪ್ಪುನೀರಿಗೆ ಹಾಕಿ ತೇಲಿದ್ದನ್ನು ತೆಗೆದು, ಮುಳುಗಿದ್ದನ್ನು ಒಳ್ಳೆಯ ನೀರಲ್ಲಿ ತೊಳೆದು, ತಾಜಾ ಇರುವಾಗಲೇ ಬಿತ್ತಬೇಕು. ಅಷ್ಟಾದರೂ ನೂರಕ್ಕೆ ಅರ್ಧದಷ್ಟು ಹುಟ್ಟಿದರೆ ಅದೇ ಹೆಚ್ಚು. ರಕ್ತದೊತ್ತಡದ ಔಷಧಿ ರೆಸರ್ಪಿನ್ 1952ರಲ್ಲಿ ಇದರ ಬೇರಿನಿಂದ ದೊರೆತ ಮೇಲೆ ಕಾಡಿನಲ್ಲಿ ಅಗೆತ ಹೆಚ್ಚಿತು. 1990ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿದೆ.

ಬಿತ್ತುವ ಮುನ್ನ ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿಟ್ಟು ನೋಡಿರಿ. ಮೊಳೆಯದವುಗಳಲ್ಲಿ ಕೆಲವನ್ನು ಕೊಯ್ಯಿರಿ. ಒಳಗೆ ಬೆಳ್ಳಗೆ, ಗಟ್ಟಿಯಾಗಿದ್ದರೆ ಅದು ಮಲಗಿದೆ. ಟೊಳ್ಳೋ ಕೊಳೆತದ್ದೋ ಆಗಿದ್ದರೆ ಸತ್ತಿದೆ. ಚೀಲದ ಮೇಲೆ ಕೊಯ್ದ ತಿಂಗಳು ಬರೆದಿಡಿರಿ. ಸಂಶಯವಿದ್ದಲ್ಲಿ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು.

ಗುಡ್ಡದಿಂದ ಬೀಜ ತರುವಾಗ ಅರ್ಧಕ್ಕಿಂತ ಹೆಚ್ಚು ಗಿಡಗಳನ್ನು ಮುಟ್ಟದಿರಿ. ಮಡಿಯನ್ನು ಒಂದು ಮಳೆಗಾಲ ಪೂರ್ತಿ ಅಗೆಯದೆ ಬಿಡಿರಿ. ತಡವಾಗಿ ಏಳುವ ಬೀಜವೂ ನಮ್ಮ ಬೀಜವೇ.