ಹೂವಿನ ಬಣ್ಣವೂ ನೆಲದ ಗುಣವೂ

ಸಕಲೇಶಪುರದ ಕಾಫಿ ತೋಟದ ಮನೆಗಳ ಅಂಗಳದಲ್ಲಿ ಚೆಂಡು ಚೆಂಡಾಗಿ ಅರಳುವ ಹೈಡ್ರಾಂಜಿಯ ಹೂವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಒಂದು ಮನೆಯಲ್ಲಿ ಅಚ್ಚನೀಲಿಯಾಗಿ ಬಿಡುವ ಗಿಡದ ಕಡ್ಡಿಯನ್ನೇ ಮತ್ತೊಂದು ಮನೆಯಲ್ಲಿ ನೆಟ್ಟರೆ ಹೂವು ಗುಲಾಬಿ ಬಣ್ಣವನ್ನು ತಾಳುವುದುಂಟು. ಸೊಸೆಯು ತವರಿನಿಂದ ತಂದ ಗಿಡವು ಹೀಗೆ ಬಣ್ಣ ಬದಲಿಸಿತೆಂದರೆ, ಅದನ್ನು ಆಕೆಯ ಕಾಲ್ಗುಣಕ್ಕೆ ಕಟ್ಟುವ ನಾಲಗೆಗಳಿಗೂ ಕೊರತೆಯಿರದು. ದೋಷವನ್ನು ಹೊರಿಸುವುದಕ್ಕೆ ಮುನ್ನ ಕಾರಣವನ್ನು ವಿಚಾರಿಸುವುದು ವಿವೇಕಿಗಳ ಧರ್ಮವಾಗಿದೆ.

ಈ ಗಿಡದ ಮೂಲದೇಶ ಜಪಾನು. ನಾವು ದಳಗಳೆಂದು ಭಾವಿಸುವ ಅಗಲವಾದ ಎಸಳುಗಳು ವಾಸ್ತವವಾಗಿ ಮೊಗ್ಗನ್ನು ಹೊದ್ದಿರುವ ಹೊರಪತ್ರಗಳು. ಅವುಗಳಲ್ಲಿ ಆಂಥೊಸಯನಿನ್ ಎಂಬ ವರ್ಣದ್ರವ್ಯವಿದೆ. ನೀಲಿಗೂ ಗುಲಾಬಿಗೂ ದ್ರವ್ಯವೊಂದೇ; ಭೇದವನ್ನುಂಟುಮಾಡುವುದು ಮಣ್ಣಿನಲ್ಲಿರುವ ಅಲ್ಯೂಮಿನಿಯಂ. ಮಣ್ಣು ಹುಳಿಯಾಗಿದ್ದರೆ ಈ ಲೋಹವು ನೀರಿನಲ್ಲಿ ಕರಗಿ, ಬೇರಿನ ಮೂಲಕ ಹೂವನ್ನು ಸೇರಿ, ವರ್ಣದ್ರವ್ಯದೊಡನೆ ಕೂಡಿ ನೀಲಿಯನ್ನು ಕೊಡುತ್ತದೆ. ಹುಳಿ ತಗ್ಗಿದರೆ ಲೋಹವು ಕರಗದೆ ಮಣ್ಣಿನಲ್ಲಿಯೇ ಉಳಿಯುತ್ತದೆ, ಹೂವು ಗುಲಾಬಿಯಾಗುತ್ತದೆ. ಹುಳಿಯನ್ನಳೆಯುವ ಪಿಎಚ್ ಮಾನದಲ್ಲಿ 7 ಎಂಬುದು ಸಮಸ್ಥಿತಿ. ಸುಮಾರು 5.5ಕ್ಕಿಂತ ಕೆಳಗೆ ನೀಲಿ, 6.5ಕ್ಕಿಂತ ಮೇಲೆ ಗುಲಾಬಿ, ನಡುವೆ ನೇರಳೆಯ ಛಾಯೆ. ಬಿಳಿಯ ಜಾತಿಗೆ ಈ ವಿಕಾರವಿಲ್ಲ.

ಶಂಖಪುಷ್ಪದ ನೀಲಿ ರಸಕ್ಕೆ ನಿಂಬೆಹುಳಿಯನ್ನು ಹಿಂಡಿದರೆ ಅದು ನೇರಳೆಗೆಂಪಾಗುವುದನ್ನು ಬಲ್ಲವರಿಗೆ ಇದು ತಲೆಕೆಳಗಾಗಿ ತೋರಬಹುದು. ಅಲ್ಲಿ ಹುಳಿಯು ವರ್ಣದ್ರವ್ಯವನ್ನೇ ಮುಟ್ಟುತ್ತದೆ. ಇಲ್ಲಿ ಹುಳಿಯು ಮಣ್ಣಿನದು, ಕಾರ್ಯವು ಲೋಹದ್ದು.

ಘಟ್ಟದ ಅಂಚಿನಲ್ಲಿರುವ ಸಕಲೇಶಪುರದ ಸೀಮೆಯಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಮೂಡಲಿಗೆ ಆಲೂರಿನ ಕಡೆ ಅದು ಇಳಿಯುತ್ತ ಹೋಗುತ್ತದೆ. ಬಲವಾದ ಮಳೆಯು ಸುಣ್ಣದ ಅಂಶವನ್ನು ತೊಳೆದೊಯ್ಯುವುದರಿಂದ ಗುಡ್ಡದ ಕೆಮ್ಮಣ್ಣು ಹುಳಿಯಾಗುತ್ತದೆ. ಆದುದರಿಂದಲೇ ತೋಟಗಾರರು ಕಾಫಿ ಗಿಡಗಳಿಗೆ ಸುಣ್ಣವನ್ನು ಹಾಕುತ್ತಾರೆ. ಮನೆಯಂಗಳದಲ್ಲಿ ಬಚ್ಚಲೊಲೆಯ ಬೂದಿಯನ್ನು ಸುರಿಯುವ ಕಡೆಯೂ, ಗಾರೆಯ ಗೋಡೆಯ ಬುಡದಲ್ಲಿಯೂ ಹುಳಿ ಮುರಿಯುತ್ತದೆ. ಅಲ್ಲಿ ನೆಟ್ಟ ಕಡ್ಡಿಯು ಗುಲಾಬಿ ಹೂವನ್ನು ಬಿಟ್ಟರೆ ಆಶ್ಚರ್ಯವೇನು?

ನೀಲಿಯನ್ನೇ ಬಯಸುವವರು ಬುಡಕ್ಕೆ ಬೂದಿಯನ್ನು ಹಾಕದೆ ಎಲೆಗೊಬ್ಬರವನ್ನು ಕೊಡಲಿ. ಪಟಿಕದಲ್ಲಿಯೂ ಅಲ್ಯೂಮಿನಿಯಂ ಇರುವುದರಿಂದ ಅದನ್ನು ತುಸುವೇ ನೀರಿನಲ್ಲಿ ಕರಗಿಸಿ ಆಗಾಗ ಹನಿಸಬಹುದು. ಅತಿಯಾದರೆ ಬೇರಿಗೆ ಹಾನಿ. ಫಲವನ್ನು ಕಾಣಲು ಮುಂದಿನ ಹೂಗಾಲದವರೆಗೆ ತಾಳ್ಮೆ ಬೇಕು. ಗುಲಾಬಿಯಾದ ಗಿಡಕ್ಕೆ ರೋಗವೂ ಇಲ್ಲ, ಅದರಲ್ಲಿ ಅಪಶಕುನವೂ ಇಲ್ಲ. ಹೊಸ ನೆಲದ ಗುಣವನ್ನು ಅದು ಮೈಗೂಡಿಸಿಕೊಂಡಿದೆ. ಮನೆಗೆ ಬಂದ ಸೊಸೆಯನ್ನು ಅದಕ್ಕಾಗಿ ನೋಯಿಸುವುದು ತರವಲ್ಲ.