ಸಾಂಬ್ರಾ-ಹುಬ್ಬಳ್ಳಿ: ಹಾರಿದರೆ ಕಾಲು ತಾಸು, ಹೋಗೂದು ಹ್ಯಾಂಗ?

ದೇಗಾಂವ: ಗೋವೆಯ ಕದಂಬರ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯಿಂದ ಹೆಸರಾದ ಊರಿದು. ಒಂದು ದಿಕ್ಕಿಗೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ, ಇನ್ನೊಂದು ದಿಕ್ಕಿಗೆ ಹುಬ್ಬಳ್ಳಿಯದು. ಊರು ಹೆಚ್ಚುಕಡಿಮೆ ನಡುವೆ. ಆದರೂ ಎರಡೂರ ನೆಂಟ ಉಪವಾಸ ಬಿದ್ದಂತಾಗಿದೆ ಇಲ್ಲಿಯವರ ಪಾಡು.

ಲೆಕ್ಕ ನೋಡಿ. ನಕಾಶೆಯ ಮೇಲೆ ಗೆರೆ ಎಳೆದರೆ ಎರಡು ನಿಲ್ದಾಣಗಳ ಅಂತರ ಸುಮಾರು 75 ಕಿ.ಮೀ. ತಾಸಿಗೆ 500 ಕಿ.ಮೀ. ಓಡುವ ಸಣ್ಣ ವಿಮಾನಕ್ಕೆ ಇದು 9 ಮಿನಿಟಿನ ಮಾತು. ಏರೂದು, ಇಳಿಯೂದು, ತಿರುವು ಎಲ್ಲ ಸೇರಿಸಿದರೂ ಕಾಲು ತಾಸು, ಹೆಚ್ಚೆಂದರೆ 20 ಮಿನಿಟು. ರಸ್ತೆ ಹಿಡಿದರೆ ಸುಮಾರು 100 ಕಿ.ಮೀ., ಎರಡು ತಾಸು ಬೇಕು. ಹಾಗಾದರೆ ವಿಮಾನವೇ ಲೇಸಲ್ಲವೇ?

ಅಲ್ಲವೇ ಅಲ್ಲ! ನಿಲ್ದಾಣಕ್ಕೆ ತಾಸು ಮೊದಲೇ ಹೋಗಬೇಕು. ಇಷ್ಟು ಸಣ್ಣ ಹಾದಿಗೆ ಯಾವ ಕಂಪನಿಯೂ ವಿಮಾನ ಬಿಡದು. ಏರುವಾಗಲೇ ಎಣ್ಣೆ ಹೆಚ್ಚು ಸುಡುತ್ತದೆ. ವಿಮಾನದಲ್ಲೇ ಹೋಗುತ್ತೇನೆಂದು ಹಟ ಹಿಡಿದವ ಬೆಂಗಳೂರಿಗೆ ಹಾರಿ ಅಲ್ಲಿಂದ ತಿರುಗಿ ಬರಬೇಕು. 75 ಕಿ.ಮೀ. ದಾಟಲು 800 ಕಿ.ಮೀ. ಸುತ್ತು!

ಸಾಂಬ್ರಾ ನಿಲ್ದಾಣ 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ್ದು. ಹುಬ್ಬಳ್ಳಿಯದು 1974ರದು. 2017ರಲ್ಲಿ ಎರಡಕ್ಕೂ ಹೊಸ ಕಟ್ಟಡವಾಯಿತು. ಆಮೇಲೆ ಶುರುವಾಯಿತು ಜಗ್ಗಾಟ. ಕೇಂದ್ರದ ಉಡಾನ್ ಯೋಜನೆಯ ಸವಲತ್ತು ಮೊದಲು ಹುಬ್ಬಳ್ಳಿಗೆ ಸಿಕ್ಕಿತು. 2018ರಲ್ಲಿ ಸಾಂಬ್ರಾದ ವಿಮಾನಗಳು ಅತ್ತ ಹೊರಟವು, ಬೆಳಗಾವಿಯವರು ಬೀದಿಗಿಳಿದರು. 2019ರಲ್ಲಿ ಯೋಜನೆಯ ಮೂರನೇ ಸುತ್ತಿನಲ್ಲಿ ಬೆಳಗಾವಿಗೂ ಪಾಲು ಬಂತು.

ಹೊಸ ನಿಲ್ದಾಣ ಕಟ್ಟುವಾಗ ಹಳೆಯದಕ್ಕೆ 150 ಕಿ.ಮೀ. ಅಂತರ ಇರಲಿ ಎಂಬುದು ಕೇಂದ್ರದ 2008ರ ನೀತಿಯ ಸಾಮಾನ್ಯ ನಿಯಮ. ಈ ಎರಡೂ ಅದಕ್ಕಿಂತ ಹಳೆಯವು, ಅಂತರ ಅದರ ಅರ್ಧ. ಒಂದೇ ಸೀಮೆಯ ಪ್ರಯಾಣಿಕರನ್ನೇ ಇಬ್ಬರೂ ಹಂಚಿಕೊಳ್ಳಬೇಕು. ಹೀಗಿರುವಾಗ ಒಬ್ಬರದನ್ನು ಇನ್ನೊಬ್ಬರು ಕಸಿಯುವುದರಲ್ಲಿ ಏನು ಬಂತು? ಬೆಳಗಾವಿಯಿಂದ ಇಲ್ಲದ ಊರಿಗೆ ಹುಬ್ಬಳ್ಳಿಯಿಂದ, ಅಲ್ಲಿ ಬೆಳಿಗ್ಗೆ ಇದ್ದರೆ ಇಲ್ಲಿ ಸಂಜೆ, ಹೀಗೆ ಹೊಂದಿಸಿದರೆ ಕಿತ್ತೂರು-ಬೈಲಹೊಂಗಲ ಕಡೆಯವರಿಗೆ ಎರಡೂ ಕೈಗೆ ಎಟುಕುತ್ತವೆ.

ಇನ್ನು ನೆಲದ ಮಾತು. ಈಗಿನ ರೈಲು ಲೋಂಡಾ ಸುತ್ತಿ ಹೋಗುತ್ತದೆ. ಕಿತ್ತೂರು ಮೇಲಿಂದ ಧಾರವಾಡ-ಬೆಳಗಾವಿ ನೇರ ಮಾರ್ಗ, ಸುಮಾರು 73 ಕಿ.ಮೀ., 2020ರಲ್ಲಿ ಮಂಜೂರಾಯಿತು. ಭೂಸ್ವಾಧೀನದಲ್ಲೇ ವರ್ಷಗಳು ಉರುಳಿದವು. ಭೂಮಿ ಕೊಡುವ ರೈತರಿಗೆ ನ್ಯಾಯದ ಬೆಲೆ ಕೊಟ್ಟು ಕೆಲಸ ಮುಗಿಸುವುದು ಸರಕಾರದ ಹೊಣೆ.

‘ನಮ್ಮ ತಲೀ ಮ್ಯಾಲೆ ವಿಮಾನ ಹಾರತಾವ, ನಮಗ ಮೊದಲ ರೈಲು ಕೊಡ್ರಿ’ ಎಂದು ಊರ ಕಟ್ಟೆಯ ಮೇಲೆ ಕುಂತವರು ಕೇಳಿದರೆ ಅದರಲ್ಲಿ ತಪ್ಪೇನಿದೆ?