ಮೂರನೆಯವರು ಗೆಲ್ಲುವುದು ಹೇಗೆ? ಬ್ರಿಟನ್ ಉಪಚುನಾವಣೆಗಳಲ್ಲಿ ಸಣ್ಣ ಪಕ್ಷದ ಲೆಕ್ಕಾಚಾರ

2003ರ ಸೆಪ್ಟೆಂಬರ್ 18ರ ಗುರುವಾರ ಲಂಡನ್ನಿನ ವಾಯವ್ಯ ಭಾಗದ ಬ್ರೆಂಟ್ ಈಸ್ಟ್ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಅದು ಆಡಳಿತಾರೂಢ ಲೇಬರ್ ಪಕ್ಷದ ಭದ್ರಕೋಟೆ. ಎರಡು ವರ್ಷಗಳ ಹಿಂದಷ್ಟೇ ಆ ಪಕ್ಷ ಅಲ್ಲಿ 13,047 ಮತಗಳ ಅಂತರದಿಂದ ಗೆದ್ದಿತ್ತು. ಎರಡನೆಯ ಸ್ಥಾನ ಕನ್ಸರ್ವೇಟಿವ್ ಪಕ್ಷದ್ದು. ಲಿಬರಲ್ ಡೆಮಾಕ್ರಾಟ್ ಪಕ್ಷ ಶೇ. 10.6ರಷ್ಟು ಮತ ಪಡೆದು ಮೂರನೆಯ ಸ್ಥಾನದಲ್ಲಿ ನಿಂತಿತ್ತು. ಆದರೆ ಉಪಚುನಾವಣೆಯ ಮತ ಎಣಿಕೆ ಮುಗಿದಾಗ ಗೆದ್ದವರು ಅದೇ ಮೂರನೆಯ ಪಕ್ಷದ ಅಭ್ಯರ್ಥಿ, 29 ವರ್ಷ ವಯಸ್ಸಿನ ಸಾರಾ ಟೀದರ್. ಅಂತರ 1,118 ಮತ. ತನ್ನ ವಶದಲ್ಲಿದ್ದ ಸ್ಥಾನವೊಂದನ್ನು ಲೇಬರ್ ಪಕ್ಷ ಉಪಚುನಾವಣೆಯಲ್ಲಿ ಕಳೆದುಕೊಂಡದ್ದು 1988ರ ನಂತರ ಅದೇ ಮೊದಲು.

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಬ್ರಿಟನ್ನಿನ ರಾಜಕೀಯದಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತದ್ವಿರುದ್ಧ. ಇಬ್ಬರು ದೊಡ್ಡವರು ಜಗಳವಾಡಿದಷ್ಟೂ ಮೂರನೆಯವರು ಮತದಾರರ ಕಣ್ಣಿನಿಂದ ಮರೆಯಾಗುತ್ತಾರೆ. ಅದಕ್ಕೆ ಕಾರಣ ಅಲ್ಲಿನ ಚುನಾವಣಾ ಪದ್ಧತಿ. ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದವರೇ ವಿಜಯಿ, ಉಳಿದವರಿಗೆ ಬಿದ್ದ ಮತಗಳಿಗೆ ಲೆಕ್ಕವಿಲ್ಲ. ನಾವು ಅನುಸರಿಸುತ್ತಿರುವುದೂ ಇದೇ ಪದ್ಧತಿಯನ್ನಾದ್ದರಿಂದ ಓದುಗರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. 1983ರ ಬ್ರಿಟಿಷ್ ಸಾರ್ವತ್ರಿಕ ಚುನಾವಣೆಯ ಒಂದೇ ಅಂಕಿ ಸಾಕು. ಲೇಬರ್ ಪಕ್ಷಕ್ಕೆ ಶೇ. 27.6ರಷ್ಟು ಮತ ಬಂದಾಗ 209 ಸ್ಥಾನಗಳು ದೊರೆತವು. ಲಿಬರಲ್ ಮತ್ತು ಸೋಷಿಯಲ್ ಡೆಮಾಕ್ರಾಟಿಕ್ ಪಕ್ಷಗಳ ಮೈತ್ರಿಕೂಟಕ್ಕೆ ಶೇ. 25.4ರಷ್ಟು ಮತ ಬಂದರೂ ದೊರೆತದ್ದು ಕೇವಲ 23 ಸ್ಥಾನ.

ಹೀಗಾಗಿ ಸಣ್ಣ ಪಕ್ಷದ ಅಭ್ಯರ್ಥಿ ಮನೆಬಾಗಿಲಿಗೆ ಹೋದಾಗ ಕೇಳಬೇಕಾಗಿ ಬರುವ ಮಾತು ಒಂದೇ: 'ನೀವು ಒಳ್ಳೆಯವರೇ, ಆದರೆ ಗೆಲ್ಲುವವರಲ್ಲವಲ್ಲ.' ಮತ ವ್ಯರ್ಥವಾಗುತ್ತದೆ ಎಂಬ ಈ ಭಾವನೆಯೇ ಸಣ್ಣ ಪಕ್ಷದ ನಿಜವಾದ ಎದುರಾಳಿ. ಉಳಿದ ಎದುರಾಳಿಗಳೆಲ್ಲ ಆಮೇಲಿನವರು. ಉಪಚುನಾವಣೆಯೊಂದೇ ಆ ಭಾವನೆಯನ್ನು ಅಲುಗಾಡಿಸಬಲ್ಲ ಸಂದರ್ಭ. ಅಲ್ಲಿ ಸರ್ಕಾರ ಬದಲಾಗುವುದಿಲ್ಲ, ಪ್ರಧಾನಿ ಯಾರಾಗಬೇಕೆಂಬ ಪ್ರಶ್ನೆಯೂ ಇಲ್ಲ. ಆಳುವವರಿಗೆ ಒಂದು ಪಾಠ ಕಲಿಸೋಣ ಎನ್ನುವ ಮತದಾರನಿಗೆ ಅದರಿಂದ ಆಗುವ ನಷ್ಟವೂ ಅಷ್ಟಕ್ಕಷ್ಟೆ.

ಬ್ರೆಂಟ್ ಈಸ್ಟ್‌ನಲ್ಲಿ ಆದದ್ದೇನು?

ಲೇಬರ್ ಸಂಸದ ಪಾಲ್ ಡೇಸ್ಲಿ 2003ರ ಜೂನ್ 18ರಂದು ಕ್ಯಾನ್ಸರ್‌ನಿಂದ ನಿಧನರಾದರು. ಉಪಚುನಾವಣೆ ನಡೆದದ್ದು ಸರಿಯಾಗಿ ಮೂರು ತಿಂಗಳಿಗೆ. ಇಲ್ಲೊಂದು ವಿಚಿತ್ರ ಸಂಗತಿ ಇದೆ. ನಮ್ಮಲ್ಲಿ ಉಪಚುನಾವಣೆಯ ದಿನವನ್ನು ಚುನಾವಣಾ ಆಯೋಗ ನಿಗದಿ ಮಾಡುತ್ತದೆ. ಬ್ರಿಟನ್ನಿನಲ್ಲಿ ಚುನಾವಣೆಗೆ ಆದೇಶ ಹೊರಡಿಸುವಂತೆ ಸದನದಲ್ಲಿ ಸೂಚನೆ ಮಂಡಿಸುವುದು, ಸಂಪ್ರದಾಯದ ಪ್ರಕಾರ, ಸ್ಥಾನ ಯಾರದಾಗಿತ್ತೋ ಆ ಪಕ್ಷವೇ. ಅಂದರೆ ಪರೀಕ್ಷೆ ಬರೆಯಬೇಕಾದವರೇ ಪರೀಕ್ಷೆಯ ದಿನವನ್ನೂ ಗೊತ್ತುಮಾಡುತ್ತಾರೆ! ಸಾಮಾನ್ಯವಾಗಿ ಮೂರು ತಿಂಗಳೊಳಗೆ ಸೂಚನೆ ಬರಬೇಕೆಂಬುದು ವಾಡಿಕೆ. ದೊಡ್ಡ ಪಕ್ಷ ತನ್ನ ಗೆಲುವಿನ ಬಗ್ಗೆ ಧೈರ್ಯವಿದ್ದಾಗ ದಿನವನ್ನು ಹತ್ತಿರಕ್ಕೆ ತಂದು, ಎದುರಾಳಿಗೆ ಸಂಘಟನೆಗೆ ಸಮಯ ಸಿಗದಂತೆ ಮಾಡುವುದುಂಟು.

ಬ್ರೆಂಟ್ ಈಸ್ಟ್‌ನಲ್ಲಿ ದೊರೆತ ಮೂರು ತಿಂಗಳು ಲಿಬರಲ್ ಡೆಮಾಕ್ರಾಟರಿಗೆ ವರವಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಇರಾಕ್ ಯುದ್ಧ ಆರಂಭವಾಗಿತ್ತು. ಜುಲೈನಲ್ಲಿ ಶಸ್ತ್ರಾಸ್ತ್ರ ತಜ್ಞ ಡೇವಿಡ್ ಕೆಲ್ಲಿಯವರ ಸಾವು, ಅದರ ಬೆನ್ನಿಗೇ ಹಟನ್ ವಿಚಾರಣೆ. ಪ್ರಧಾನಿ ಟೋನಿ ಬ್ಲೇರ್ ಅವರ ಮಾತಿನ ಮೇಲೆ ಜನರಿಗಿದ್ದ ನಂಬಿಕೆ ಪತ್ರಿಕೆಗಳಲ್ಲಿ ದಿನನಿತ್ಯದ ಚರ್ಚೆಯಾಗಿತ್ತು. ಐರಿಷ್, ಕೆರಿಬಿಯನ್, ದಕ್ಷಿಣ ಏಷ್ಯಾ ಮೂಲದ ಜನ ದೊಡ್ಡ ಸಂಖ್ಯೆಯಲ್ಲಿರುವ ಕಿಲ್ಬರ್ನ್, ವಿಲ್ಸ್‌ಡನ್ ಗ್ರೀನ್‌ನಂಥ ಬಡಾವಣೆಗಳಲ್ಲಿ ಅಸಮಾಧಾನ ಹೊಗೆಯಾಡುತ್ತಿತ್ತು.

ಸಿಟ್ಟೇನೋ ಇತ್ತು, ಆದರೆ ಅದು ಹರಿಯುವುದು ಎಲ್ಲಿಗೆ? ಇಯಾನ್ ಡಂಕನ್ ಸ್ಮಿತ್ ನೇತೃತ್ವದ ಕನ್ಸರ್ವೇಟಿವ್ ಪಕ್ಷ ಯುದ್ಧವನ್ನು ಬೆಂಬಲಿಸಿತ್ತು. ಯುದ್ಧದ ಕಾರಣಕ್ಕಾಗಿ ಲೇಬರ್ ತೊರೆಯುವ ಮತದಾರನಿಗೆ ಆ ಬಾಗಿಲು ಮುಚ್ಚಿತ್ತು. ಯುದ್ಧವನ್ನು ವಿರೋಧಿಸಿದ್ದ ಪ್ರಮುಖ ರಾಷ್ಟ್ರೀಯ ಪಕ್ಷವೆಂದರೆ ಚಾರ್ಲ್ಸ್ ಕೆನಡಿ ನೇತೃತ್ವದ ಲಿಬರಲ್ ಡೆಮಾಕ್ರಾಟ್ ಮಾತ್ರ. ಎರಡನೆಯ ಸ್ಥಾನದಲ್ಲಿದ್ದವರನ್ನು ದಾಟಿ ಮತದಾರರು ಮೂರನೆಯವರತ್ತ ನೋಡಲು ಇದೇ ಮುಖ್ಯ ಕಾರಣ.

ಫಲಿತಾಂಶದ ಅಂಕಿಗಳನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಇನ್ನೊಂದು ಸತ್ಯ ಕಾಣಿಸುತ್ತದೆ. 2001ರಲ್ಲಿ 18,325 ಮತ ಪಡೆದಿದ್ದ ಲೇಬರ್, 2003ರಲ್ಲಿ ಪಡೆದದ್ದು 7,040. ಸುಮಾರು 11 ಸಾವಿರ ಮತಗಳ ಕುಸಿತ. ಆದರೆ ಲಿಬರಲ್ ಡೆಮಾಕ್ರಾಟರ ಮತ 3,065ರಿಂದ 8,158ಕ್ಕೆ ಏರಿತು, ಅಂದರೆ ಸುಮಾರು 5 ಸಾವಿರದಷ್ಟು ಹೆಚ್ಚಳ. ಮತದಾನದ ಪ್ರಮಾಣ ಶೇ. 36ರಷ್ಟು ಮಾತ್ರ. ಲೇಬರ್ ಮತದಾರರೆಲ್ಲ ಪಕ್ಷ ಬದಲಿಸಿದರು ಎಂದು ಮರುದಿನದ ತಲೆಬರಹಗಳನ್ನು ನೋಡಿದವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಬಹಳಷ್ಟು ಮಂದಿ ಮನೆಯಲ್ಲೇ ಉಳಿದರು. ಸಣ್ಣ ಪಕ್ಷದ ಗೆಲುವಿನಲ್ಲಿ ದೊಡ್ಡ ಪಕ್ಷದ ಬೆಂಬಲಿಗರ ಈ ಆಲಸ್ಯಕ್ಕೂ ಪಾಲಿದೆ.

ಎರಡನೆಯವರನ್ನು ಹಿಂಡುವ ತಂತ್ರ

ಇದಕ್ಕಿಂತ ಹಳೆಯದಾದ, ಇಂದಿಗೂ ಬಳಕೆಯಲ್ಲಿರುವ ಮಾರ್ಗ ಬೇರೆ. ಅದಕ್ಕೆ ಮಾದರಿ ಲಂಡನ್ನಿನ ಆಗ್ನೇಯ ಅಂಚಿನ ಆರ್ಪಿಂಗ್ಟನ್. 1959ರಲ್ಲಿ ಕನ್ಸರ್ವೇಟಿವ್ ಪಕ್ಷ ಅಲ್ಲಿ 14,760 ಮತಗಳಿಂದ ಗೆದ್ದಿತ್ತು. ಲೇಬರ್ ಎರಡನೆಯದು, ಲಿಬರಲ್ ಮೂರನೆಯದು. 1962ರ ಮಾರ್ಚ್ 14ರ ಉಪಚುನಾವಣೆಯಲ್ಲಿ ಲಿಬರಲ್ ಪಕ್ಷದ ಎರಿಕ್ ಲಬಕ್ 7,855 ಮತಗಳ ಅಂತರದಿಂದ ಗೆದ್ದರು. ಇಲ್ಲಿ ಕನ್ಸರ್ವೇಟಿವ್ ಮತ ಕುಸಿದದ್ದು ನಿಜ, ಆದರೆ ಲೇಬರ್ ಮತವೂ ಕರಗಿ ಅದರ ಅಭ್ಯರ್ಥಿ ಠೇವಣಿಯನ್ನೇ ಕಳೆದುಕೊಂಡರು. 'ಕನ್ಸರ್ವೇಟಿವ್ ಸೋಲಬೇಕಾದರೆ ಲೇಬರ್ ಮತದಾರರು ನಮಗೇ ಮತ ನೀಡಬೇಕು' ಎಂಬ ವಾದವನ್ನು ಮತದಾರರು ಒಪ್ಪಿದ್ದರು. ಅದೇ ಜುಲೈನಲ್ಲಿ ಪ್ರಧಾನಿ ಹೆರಾಲ್ಡ್ ಮ್ಯಾಕ್ಮಿಲನ್ ತಮ್ಮ ಸಂಪುಟದ ಏಳು ಮಂದಿ ಸಚಿವರನ್ನು ಒಂದೇ ದಿನ ಕೈಬಿಟ್ಟರು. ಆರ್ಪಿಂಗ್ಟನ್ ಮತ್ತು ಅಂಥ ಇತರ ಹಿನ್ನಡೆಗಳ ಬಿಸಿ ಎಷ್ಟಿತ್ತೆಂಬುದಕ್ಕೆ ಇದೇ ಸಾಕ್ಷಿ.

ಈ ವಾದವನ್ನು ಮತದಾರರ ಮನಸ್ಸಿಗೆ ಇಳಿಸುವ ಸಾಧನ ಕರಪತ್ರ. ಲಿಬರಲ್ ಡೆಮಾಕ್ರಾಟರ ಕರಪತ್ರಗಳಲ್ಲಿ ಕಂಬಗಳ ಚಿತ್ರವೊಂದು ಇದ್ದೇ ಇರುತ್ತದೆ. ಒಂದು ಕಂಬ ಆಳುವ ಪಕ್ಷದ್ದು, ಅದರ ಹೆಗಲಿಗೆ ಹೆಗಲು ತಾಗಿಸಿ ತಮ್ಮದು, ಮೂಲೆಯಲ್ಲಿ ಕುಬ್ಜವಾಗಿ ಮೂರನೆಯದು. ಜೊತೆಗೆ 'ಅವರು ಇಲ್ಲಿ ಗೆಲ್ಲಲಾರರು' ಎಂಬ ಅರ್ಥದ ಒಂದು ಸಾಲು. ಕಂಬಗಳ ಎತ್ತರ ಅಂಕಿಗಳಿಗೆ ಹೊಂದುವುದಿಲ್ಲವೆಂಬ ಗೇಲಿ ಹಳೆಯದು. ಆದರೂ ಆ ಚಿತ್ರ ಮಾತ್ರ ಮಾಯವಾಗಿಲ್ಲ, ಏಕೆಂದರೆ ಅದು ಕೆಲಸ ಮಾಡುತ್ತದೆ. ಸಾರ್ವತ್ರಿಕ ಚುನಾವಣೆಯಲ್ಲಿ 650 ಕ್ಷೇತ್ರಗಳಿಗೆ ಹಂಚಿಹೋಗುವ ಕಾರ್ಯಕರ್ತರು ಉಪಚುನಾವಣೆಯಲ್ಲಿ ಒಂದೇ ಊರಿಗೆ ಬಂದಿಳಿಯುತ್ತಾರೆ. ಕೈಯಲ್ಲಿ ಕಾರ್ಯಕರ್ತರಿಲ್ಲದ ಪಕ್ಷಕ್ಕೆ ಯಾವ ಕಂಬದ ಚಿತ್ರವೂ ನೆರವಾಗದು.

ಈ ತಂತ್ರದ ಪರಾಕಾಷ್ಠೆ 2021ರಲ್ಲಿ ಕಂಡಿತು. ಜೂನ್ 17ರಂದು ಲಂಡನ್ ಹೊರವಲಯದ ಚೆಶಮ್ ಮತ್ತು ಅಮರ್ಶಮ್ ಕ್ಷೇತ್ರದಲ್ಲಿ ಲಿಬರಲ್ ಡೆಮಾಕ್ರಾಟರ ಸಾರಾ ಗ್ರೀನ್ 8,028 ಮತಗಳಿಂದ ಗೆದ್ದಾಗ ಲೇಬರ್ ಅಭ್ಯರ್ಥಿಗೆ ಬಿದ್ದ ಮತ 622. ರಾಷ್ಟ್ರದ ಅಧಿಕೃತ ವಿರೋಧ ಪಕ್ಷಕ್ಕೆ ಆರುನೂರ ಇಪ್ಪತ್ತೆರಡು ಮತ! ಅದೇ ಡಿಸೆಂಬರ್ 16ರಂದು ಗ್ರಾಮೀಣ ನಾರ್ತ್ ಶ್ರಾಪ್‌ಶೈರ್‌ನಲ್ಲಿ 22,949 ಮತಗಳ ಕನ್ಸರ್ವೇಟಿವ್ ಮುನ್ನಡೆ ಅಳಿಸಿಹೋಗಿ, ಹಿಂದಿನ ಬಾರಿ ಮೂರನೆಯವರಾಗಿದ್ದ ಹೆಲೆನ್ ಮಾರ್ಗನ್ 5,925 ಮತಗಳಿಂದ ಗೆದ್ದರು.

ಗೆದ್ದ ಮೇಲೆ

ಗೆಲುವು ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. 2004ರ ಜುಲೈ 15ರಂದು ಲೆಸ್ಟರ್ ಸೌತ್ ಕ್ಷೇತ್ರವನ್ನು ಗೆದ್ದ ಪರಮಜೀತ್ ಸಿಂಗ್ ಗಿಲ್ ಅವರದೂ ಮೂರನೆಯ ಸ್ಥಾನದಿಂದ ಮೇಲೇರಿದ ಕಥೆಯೇ. ಆದರೆ 2005ರ ಮೇ ತಿಂಗಳ ಸಾರ್ವತ್ರಿಕ ಚುನಾವಣೆಯಲ್ಲಿ ಅವರು ಸೋತರು. ಸಂಸದರಾಗಿದ್ದದ್ದು ಹತ್ತು ತಿಂಗಳು ಮಾತ್ರ. ಟೀದರ್ ಉಳಿದುಕೊಂಡರು. ಕ್ಷೇತ್ರದ ಗಡಿ ಬದಲಾದರೂ 2015ರವರೆಗೆ ಸಂಸತ್ತಿನಲ್ಲಿದ್ದರು, 2010ರ ಮೈತ್ರಿ ಸರ್ಕಾರದಲ್ಲಿ ಸಚಿವೆಯೂ ಆದರು.

ಹೆಚ್ಚು ಕರುಣಾಜನಕ ಕಥೆ ಸೋಷಿಯಲ್ ಡೆಮಾಕ್ರಾಟಿಕ್ ಪಕ್ಷದ್ದು. 1981ರ ನವೆಂಬರ್‌ನಲ್ಲಿ ಲಿವರ್‌ಪೂಲ್ ಸಮೀಪದ ಕ್ರಾಸ್ಬಿಯಲ್ಲಿ ಶರ್ಲಿ ವಿಲಿಯಮ್ಸ್ ಗೆದ್ದಾಗ ಆ ಹೊಸ ಪಕ್ಷ ಬ್ರಿಟನ್ನಿನ ರಾಜಕೀಯವನ್ನೇ ಬದಲಿಸುತ್ತದೆಂದು ನಂಬಿದವರು ಅನೇಕರು. ಅದರ ಬಹುಪಾಲು ಸದಸ್ಯರು 1988ರಲ್ಲಿ ಲಿಬರಲ್ ಪಕ್ಷದೊಂದಿಗೆ ವಿಲೀನಗೊಂಡರು, ಉಳಿದ ಒಂದು ತುಣುಕು ಪ್ರತ್ಯೇಕವಾಗಿಯೇ ನಡೆಯಿತು. 1990ರ ಮೇ ತಿಂಗಳಲ್ಲಿ ಕ್ರಾಸ್ಬಿಗೆ ಅಂಟಿಕೊಂಡಂತಿರುವ ಬೂಟಲ್‌ನ ಉಪಚುನಾವಣೆಯಲ್ಲಿ ಆ ತುಣುಕಿಗೆ ಬಿದ್ದದ್ದು 155 ಮತ. ಚುನಾವಣೆಗಳನ್ನು ತಮಾಷೆ ಮಾಡಲೆಂದೇ ಹುಟ್ಟಿದ 'ಮಾನ್‌ಸ್ಟರ್ ರೇವಿಂಗ್ ಲೂನಿ' ಪಕ್ಷದ ಸ್ಕ್ರೀಮಿಂಗ್ ಲಾರ್ಡ್ ಸಚ್ 418 ಮತ ಪಡೆದು ಅವರನ್ನು ಹಿಂದಿಕ್ಕಿದರು. ಕೆಲವೇ ದಿನಗಳಲ್ಲಿ ಪಕ್ಷದ ಬಾಗಿಲು ಮುಚ್ಚಲಾಯಿತು.

ಸ್ಥಾನ ಕಳೆದುಹೋದರೂ ಪರಿಣಾಮ ಉಳಿಯುವುದುಂಟು. 1966ರಲ್ಲಿ ವೇಲ್ಸ್‌ನ ಕಾರ್ಮಾರ್ದನ್‌ನಲ್ಲಿ ಪ್ಲೈಡ್ ಕಮ್ರಿಯ ಗ್ವಿನ್‌ವರ್ ಎವನ್ಸ್, 1967ರಲ್ಲಿ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್‌ನಲ್ಲಿ ಸ್ಕಾಟಿಷ್ ನ್ಯಾಷನಲ್ ಪಕ್ಷದ ವಿನಿ ಯೂಯಿಂಗ್ ಗೆದ್ದರು. 1970ರಲ್ಲಿ ಇಬ್ಬರೂ ಆ ಸ್ಥಾನಗಳನ್ನು ಕಳೆದುಕೊಂಡರು. ಅಷ್ಟರಲ್ಲಿ ಲಂಡನ್ ಸರ್ಕಾರ ಗಾಬರಿಗೊಂಡು ಸಂವಿಧಾನದ ಪರಿಶೀಲನೆಗೆ ರಾಯಲ್ ಆಯೋಗವೊಂದನ್ನು ನೇಮಿಸಿ ಆಗಿತ್ತು. 1999ರಲ್ಲಿ ಸ್ಕಾಟ್ಲೆಂಡಿನ ಹೊಸ ಸಂಸತ್ತು ಸೇರಿದಾಗ ಹಿರಿಯ ಸದಸ್ಯೆಯಾಗಿ ಮೊದಲ ಕಲಾಪದ ಅಧ್ಯಕ್ಷತೆ ವಹಿಸಿದವರು ಅದೇ ಯೂಯಿಂಗ್.

ಆರು ಮತ

ಇತ್ತೀಚಿನ ನಿದರ್ಶನ ರನ್‌ಕಾರ್ನ್ ಮತ್ತು ಹೆಲ್ಸ್‌ಬಿ. ವಾಯವ್ಯ ಇಂಗ್ಲೆಂಡಿನ ಈ ಕ್ಷೇತ್ರವನ್ನು 2024ರಲ್ಲಿ ಲೇಬರ್ 14,696 ಮತಗಳಿಂದ ಗೆದ್ದಿತ್ತು. ಹಲ್ಲೆ ಪ್ರಕರಣದಲ್ಲಿ ಶಿಕ್ಷೆಗೊಳಗಾದ ಸಂಸದರು ರಾಜೀನಾಮೆ ನೀಡಿದ್ದರಿಂದ 2025ರ ಮೇ 1ರಂದು ಉಪಚುನಾವಣೆ ನಡೆಯಿತು. ಸಾರ್ವತ್ರಿಕ ಚುನಾವಣೆಯಲ್ಲಿ ಶೇ. 14ರಷ್ಟು ಮತ ಪಡೆದೂ ಐದೇ ಸ್ಥಾನಗಳಿಗೆ ತೃಪ್ತಿಪಟ್ಟಿದ್ದ ನೈಜೆಲ್ ಫರಾಜ್ ಅವರ ರಿಫಾರ್ಮ್ ಯುಕೆ ಪಕ್ಷ ಇಲ್ಲಿ ಸಾರಾ ಪೋಚಿನ್ ಅವರನ್ನು ನಿಲ್ಲಿಸಿತು. ಅವರಿಗೆ 12,645 ಮತ, ಲೇಬರ್‌ಗೆ 12,639. ಮರುಎಣಿಕೆ ನಡೆಸಿದ ನಂತರವೇ ಫಲಿತಾಂಶ ಪ್ರಕಟವಾಯಿತು. ಎರಡನೆಯ ಮಹಾಯುದ್ಧದ ನಂತರದ ಬ್ರಿಟಿಷ್ ಉಪಚುನಾವಣೆಗಳಲ್ಲಿ ಇಷ್ಟು ಕಡಿಮೆ ಅಂತರದ ಗೆಲುವು ಮತ್ತೊಂದಿರಲಿಲ್ಲ. ಗ್ರೀನ್ ಪಕ್ಷಕ್ಕೆ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮತ ಬಿದ್ದಿದ್ದವು. ಹಿಂಡುವ ತಂತ್ರವನ್ನು ಸಣ್ಣವರು ಕಲಿತಷ್ಟು ಚೆನ್ನಾಗಿ ದೊಡ್ಡವರು ಕಲಿತಿಲ್ಲವೆಂದು ಕಾಣುತ್ತದೆ.

ಈ ಲೆಕ್ಕಾಚಾರದಲ್ಲಿ ನಮ್ಮವರಿಗೂ ಪಾಲಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಭಾರತ ಕಾಮನ್‌ವೆಲ್ತ್ ರಾಷ್ಟ್ರವಾದ್ದರಿಂದ, ಬ್ರಿಟನ್ನಿನಲ್ಲಿ ಸಕ್ರಮವಾಗಿ ನೆಲೆಸಿರುವ, 18 ವರ್ಷ ತುಂಬಿದ ಭಾರತೀಯ ಪ್ರಜೆಗಳಿಗೆ ಅಲ್ಲಿನ ಸಂಸತ್ ಚುನಾವಣೆಗಳಲ್ಲಿ ಮತ ಚಲಾಯಿಸುವ ಹಕ್ಕಿದೆ. ಅದಕ್ಕೆ ಬ್ರಿಟಿಷ್ ಪೌರತ್ವ ಬೇಕಿಲ್ಲ. ಮೈಸೂರಿನಿಂದ ಓದಲು ಹೋದ ವಿದ್ಯಾರ್ಥಿನಿಗೂ, ಬೆಂಗಳೂರಿನ ಕಂಪನಿ ಎರಡು ವರ್ಷಕ್ಕೆಂದು ಕಳುಹಿಸಿದ ಎಂಜಿನಿಯರನಿಗೂ ಇದು ಅನ್ವಯಿಸುತ್ತದೆ. ಮತದಾನಕ್ಕೆ 12 ಕೆಲಸದ ದಿನಗಳ ಮುಂಚೆ ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿರಬೇಕು. 2023ರಿಂದ ಮತಗಟ್ಟೆಯಲ್ಲಿ ಭಾವಚಿತ್ರವಿರುವ ಗುರುತಿನ ದಾಖಲೆ ತೋರಿಸುವುದು ಕಡ್ಡಾಯವಾಗಿದ್ದು, ಭಾರತೀಯ ಪಾಸ್‌ಪೋರ್ಟ್ ಅಲ್ಲಿ ನಡೆಯುತ್ತದೆ. ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ.